ಬಿಚ್ಚುವ ಕೈ ಯಾರದು?

'ಕಟ್ಟು' ಎಂಬ ಒಂದೇ ಮಾತಿನಿಂದ ನಾವು ಎಷ್ಟೆಲ್ಲ ಕೆಲಸ ತೆಗೆಯುತ್ತೇವೆ! ಮನೆ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ತಾಳಿ ಕಟ್ಟುತ್ತೇವೆ. ದನವನ್ನೂ ಕಟ್ಟುತ್ತೇವೆ, ಕಳ್ಳನನ್ನೂ ಕಟ್ಟಿಹಾಕುತ್ತೇವೆ. ಕಾಪಾಡುವುದಕ್ಕೂ ಹಿಡಿದಿಡುವುದಕ್ಕೂ ಭಾಷೆ ಬೇರೆ ಬೇರೆ ಕ್ರಿಯಾಪದ ಕೊಟ್ಟಿಲ್ಲ. ಹಾಗಿದ್ದರೆ ಮೈಮೇಲಿನ ಒಂದು ಕಟ್ಟು ನಮ್ಮನ್ನು ಕಾಯುತ್ತಿದೆಯೋ ಸೆರೆಯಲ್ಲಿಟ್ಟಿದೆಯೋ ಎಂದು ತಿಳಿಯುವುದು ಹೇಗೆ? ಈ ಪ್ರಶ್ನೆ ನನಗೆ ಬಂದದ್ದು ಹಾಯಿದೋಣಿ ನಡೆಸುವ ಗೆಳೆಯನೊಬ್ಬ ಬದಲಾಯಿಸಿಕೊಡು ಎಂದು ತಂದ ಒಂದು ಹಳೆಯ ಪಟ್ಟಿಯಿಂದ. ಅದರ ಕೊಕ್ಕೆ, ಉಂಗುರ, ಹೊಲಿಗೆಗಳ ಜೊತೆ ಕೆಲವು ವಾರ ಕಳೆದ ಮೇಲೆ, ಇದು ದೋಣಿಯವರಿಗೆ ಮಾತ್ರ ಸೇರಿದ ವಿಷಯವಲ್ಲ ಅನ್ನಿಸತೊಡಗಿತು.

ಮುಂಬಯಿಯಲ್ಲಿ ಹಾಯಿದೋಣಿಯೇ ಎಂದು ನೀವು ಕೇಳಬಹುದು. ಡೊಂಬಿವಲಿಯಿಂದಲೋ ಮೀರಾ ರೋಡಿನಿಂದಲೋ ದಿನಾ ಲೋಕಲ್ ಹಿಡಿಯುವ ನಮಗೆ ಸಮುದ್ರವೆಂದರೆ ಭಾನುವಾರದ ಚೌಪಾಟಿ, ಊರಿಂದ ಬಂದವರಿಗೆ ತೋರಿಸುವ ಗೇಟ್‌ವೇ. ಆದರೆ ಮಳೆಗಾಲ ಮುಗಿದ ಮೇಲೆ ಆ ಗೇಟ್‌ವೇ ಎದುರಿನ ನೀರಿನಲ್ಲೂ ಮಲಾಡಿನಾಚೆಯ ಮಾರ್ವೆಯಲ್ಲೂ ಬಿಳಿ ಹಾಯಿಗಳು ಕಾಣುತ್ತವೆ. ರಾಯಲ್ ಬಾಂಬೆ ಯಾಟ್ ಕ್ಲಬ್ಬು 1846ರದು. ನೌಕಾದಳಕ್ಕೂ ಭೂಸೇನೆಗೂ ಈ ಊರಿನಲ್ಲಿ ಹಾಯಿದೋಣಿಯ ತರಬೇತಿ ಕೇಂದ್ರಗಳಿವೆ. 1982ರ ಏಷ್ಯನ್ ಕ್ರೀಡಾಕೂಟ ದೆಹಲಿಯದ್ದಾದರೂ ಹಾಯಿದೋಣಿ ಸ್ಪರ್ಧೆಗಳು ನಡೆದದ್ದು ಮುಂಬಯಿಯ ನೀರಿನಲ್ಲಿ; ಫೈರ್‌ಬಾಲ್ ಎಂಬ ಇಬ್ಬರ ದೋಣಿಯಲ್ಲಿ ಫಾರೂಕ್ ತಾರಾಪೋರ್ ಮತ್ತು ಜರೀರ್ ಕರಂಜಿಯಾ ಚಿನ್ನ ಗೆದ್ದರು. 2018ರ ಜಕಾರ್ತ ಕೂಟದಲ್ಲಿ ವರ್ಷಾ ಗೌತಮ್ ಜೊತೆ ಬೆಳ್ಳಿ ಗೆದ್ದವರು ಶ್ವೇತಾ ಶೇರ್ವೆಗಾರ್. ಆ ಹೆಸರು ಕೇಳಿದರೆ ಕುಂದಾಪುರ ಕಡೆಯವರ ಕಿವಿ ನೆಟ್ಟಗಾಗುತ್ತದೆ.

ಈ ದೋಣಿಗಳಲ್ಲೆಲ್ಲ ಟ್ರಪೀಜ್ ಎಂಬ ಒಂದು ಏರ್ಪಾಡು ಇರುತ್ತದೆ. ಗಾಳಿ ಹಾಯಿಯನ್ನು ಒತ್ತಿದಾಗ ದೋಣಿ ಒಂದು ಪಕ್ಕಕ್ಕೆ ವಾಲುತ್ತದೆ. ಅದನ್ನು ನೆಟ್ಟಗಿಡಲು ದೋಣಿಯಲ್ಲಿರುವವರು ಇನ್ನೊಂದು ಪಕ್ಕಕ್ಕೆ ತಮ್ಮ ಭಾರ ಹಾಕಬೇಕು. ಅಂಚಿನ ಮೇಲೆ ಕೂತು ಬೆನ್ನು ಬಾಗಿಸಿದರೆ ಒಂದಿಷ್ಟು ಭಾರ. ಪಾದವನ್ನಷ್ಟೇ ಅಂಚಿನ ಮೇಲಿಟ್ಟು ಇಡೀ ಮೈಯನ್ನು ನೀರಿನ ಮೇಲೆ ಹೊರಕ್ಕೆ ಚಾಚಿದರೆ ಪೂರ್ತಿ ಭಾರ. ಹಾಗೆ ಚಾಚಿದವರನ್ನು ಹಿಡಿಯುವುದು ಹಾಯಿಕಂಬದ ಮೇಲಿನಿಂದ ಇಳಿಬಿಟ್ಟ ತಂತಿ. ತಂತಿಯ ತುದಿಗೆ ಒಂದು ಉಂಗುರ. ಮೈಗೆ ಬಿಗಿದುಕೊಂಡ ಪಟ್ಟಿಯ ಮುಂದೆ, ಹೊಕ್ಕುಳ ಹತ್ತಿರ, ಒಂದು ಸ್ಟೀಲ್ ಕೊಕ್ಕೆ. ಉಂಗುರವನ್ನು ಕೊಕ್ಕೆಗೆ ಸಿಕ್ಕಿಸಿದರೆ ಆಯಿತು, ಮನುಷ್ಯ ನೀರಿನ ಮೇಲೆ ತೇಲುವ ಹಕ್ಕಿಯಾಗುತ್ತಾನೆ. ಆ ಪಟ್ಟಿಗೆ ಹಾರ್ನೆಸ್ ಎನ್ನುತ್ತಾರೆ.

1938ರಲ್ಲಿ ಇಂಗ್ಲೆಂಡಿನ ಫಾಲ್ಮತ್‌ನಲ್ಲಿ ನಡೆದ ಪ್ರಿನ್ಸ್ ಆಫ್ ವೇಲ್ಸ್ ಕಪ್ ಸ್ಪರ್ಧೆಯಲ್ಲಿ ಪೀಟರ್ ಸ್ಕಾಟ್ ಮತ್ತು ಜಾನ್ ವಿಂಟರ್ ಈ ಸಾಧನವನ್ನು ಬಳಸಿ ಗೆದ್ದರು. ನೋಡುವವರಿಗೆ ದಿಗಿಲು, ಸೋತವರಿಗೆ ಸಿಟ್ಟು. ಆ ವರ್ಗದ ದೋಣಿಗಳಲ್ಲಿ ಅದನ್ನು ಕೂಡಲೇ ನಿಷೇಧಿಸಿದರು. ಯುದ್ಧದ ನಂತರ ಬೇರೆ ವರ್ಗಗಳು ಅದನ್ನು ಒಪ್ಪಿಕೊಂಡವು. ಸ್ಪರ್ಧೆಯವರಿಗೆ ಆಗ ಎದ್ದ ಪ್ರಶ್ನೆ ಇದು ನ್ಯಾಯವೇ ಎಂಬುದು: ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲದ ಅನುಕೂಲ ಸರಿಯೇ? ನೇತುಬಿದ್ದವನು ಬಿಡಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ನಿಯಮದ ಪುಸ್ತಕದಲ್ಲಿ ಜಾಗ ಪಡೆಯಲು ತುಂಬ ಕಾಲ ಹಿಡಿಯಿತು.

ಆ ಪ್ರಶ್ನೆ ಏಳುವುದು ದೋಣಿ ಮಗುಚಿದಾಗ. ಟ್ರಪೀಜ್ ಇರುವ ಸಣ್ಣ ದೋಣಿಗಳು ಮಗುಚುವುದು ಹೊಸತಲ್ಲ. ಅದು ಆಟದ ಭಾಗ. ಸಾಮಾನ್ಯವಾಗಿ ಉಂಗುರ ತಾನಾಗಿ ಜಾರುತ್ತದೆ, ಈಜಿಕೊಂಡು ಬಂದು ದೋಣಿ ಎತ್ತುತ್ತಾರೆ. ಆದರೆ ಕೊಕ್ಕೆಗೆ ಒಂದು ಗುಣವಿದೆ: ಸಿಕ್ಕಿದ್ದನ್ನೆಲ್ಲ ಹಿಡಿಯುತ್ತದೆ. ದೋಣಿ ಪೂರ್ತಿ ತಲೆಕೆಳಗಾದರೆ ಮನುಷ್ಯ ಹಾಯಿಯ ಕೆಳಗೆ, ಹಗ್ಗಗಳ ನಡುವೆ ಇರುತ್ತಾನೆ. ಯಾವುದೋ ಹಗ್ಗ ಕೊಕ್ಕೆಗೆ ಸುತ್ತಿಕೊಂಡರೆ ಅದನ್ನು ಬಿಡಿಸಲು ಹಗ್ಗ ಸಡಿಲಾಗಬೇಕು. ಸಡಿಲಾಗಬೇಕಾದರೆ ಹಗ್ಗದ ಕಡೆಗೇ ಹೋಗಬೇಕು, ಅಂದರೆ ಇನ್ನೂ ಆಳಕ್ಕೆ. ತೊಟ್ಟ ಲೈಫ್ ಜಾಕೆಟ್ ಅಷ್ಟರಲ್ಲಿ ಮೇಲಕ್ಕೆ ದೂಡುತ್ತಿರುತ್ತದೆ, ಹಗ್ಗ ಇನ್ನಷ್ಟು ಬಿಗಿಯುತ್ತದೆ. ಕಾಪಾಡಲೆಂದು ತೊಟ್ಟ ಎರಡು ಸಾಧನಗಳು ಒಂದಕ್ಕೊಂದು ಎದುರು ನಿಲ್ಲುತ್ತವೆ. ಮುಂಬಯಿಯ ಬಂದರಿನ ಕೆಸರು ನೀರಿನಲ್ಲಿ ಸ್ವಂತ ಕೈ ಕೂಡ ಕಾಣುವುದಿಲ್ಲ. ಆಳ ಕಡಿಮೆಯಿದ್ದಲ್ಲಿ ಹಾಯಿಕಂಬದ ತುದಿ ಹೂಳಿನಲ್ಲಿ ಊರಿಕೊಂಡರೆ ದೋಣಿಯನ್ನು ಬೇಗ ಎತ್ತುವುದೂ ಆಗುವುದಿಲ್ಲ.

2011ರ ಜೂನ್‌ನಲ್ಲಿ ಅಮೆರಿಕದ ಅನ್ನಾಪೊಲಿಸ್‌ನಲ್ಲಿ ಅಭ್ಯಾಸಕ್ಕೆ ಹೊರಟಿದ್ದ 14 ವರ್ಷದ ಹುಡುಗಿಯೊಬ್ಬಳು ಹೀಗೆಯೇ ತೀರಿಕೊಂಡಳು. ಲೈಫ್ ಜಾಕೆಟ್ ಇತ್ತು, ಜೊತೆಯಲ್ಲಿ ಜನರಿದ್ದರು. ಹಾರ್ನೆಸ್ಸಿನ ಕೊಕ್ಕೆ ದೋಣಿಯ ಹಗ್ಗತಂತಿಗಳಲ್ಲಿ ಸಿಕ್ಕಿಕೊಂಡಿತ್ತು. ಕೊನೆಗೆ ಅಂತರರಾಷ್ಟ್ರೀಯ ಸ್ಪರ್ಧೆಯ ನಿಯಮಗಳಲ್ಲಿ ಒಂದು ಸಾಲು ಸೇರಿತು: ಹಾರ್ನೆಸ್ ತೊಟ್ಟವರನ್ನು ದೋಣಿಯಿಂದ ತಟ್ಟನೆ ಬಿಡಿಸುವ ಸಾಧನ ಅದರಲ್ಲಿ ಯಾವಾಗಲೂ ಇರಬೇಕು. ಅದು ಜಾರಿಗೆ ಬಂದದ್ದು 2023ರ ಜನವರಿ 1ರಿಂದ. ಫಾಲ್ಮತ್‌ನ ಗೆಲುವಿಗೂ ಈ ಸಾಲಿಗೂ ನಡುವೆ 85 ವರ್ಷ. ಹಿಡಿಯುವುದನ್ನು ಮನುಷ್ಯ ಬಲು ಬೇಗ ಕಲಿಯುತ್ತಾನೆ, ಬಿಡುವುದನ್ನು ನಿಧಾನವಾಗಿ.

ಗೆಳೆಯ ತಂದದ್ದು ಹಳೆಯ ಬಗೆಯ ಹಾರ್ನೆಸ್. ಕೊಕ್ಕೆಯ ಸ್ಟೀಲ್ ತಗಡು ಪಟ್ಟಿಗೆ ಗಟ್ಟಿಯಾಗಿ ಹೊಲಿದುಕೊಂಡಿತ್ತು. "ಕೊಕ್ಕೆ ಸಿಕ್ಕಿಕೊಂಡರೆ ಕೊಕ್ಕೆಯನ್ನೇ ಮೈಯಿಂದ ಕಳಚಿ ಬಿಡುವ ಹಾಗೆ ಮಾಡಿಕೊಡು ಮಾರಾಯ. ಮೆಷಿನ್ ಡಿಸೈನು ನಿನ್ನ ಹೊಟ್ಟೆಪಾಡಲ್ವಾ" ಅಂದ. ಸರಳವಾಗಿ ಕಂಡಿತು. ಬಾಗಿಲ ಅಗುಳಿಯ ಹಾಗೆ ಒಂದು ಪಿನ್ನು. ಎಳೆದರೆ ಕೊಕ್ಕೆ ಬಿತ್ತು.

ಲೆಕ್ಕ ಹಾಕಿ ನೋಡಿದಾಗ ಅಷ್ಟು ಸರಳವಲ್ಲ. ಪಿನ್ನಿನ ಮೇಲೆ ಭಾರವಿದ್ದಾಗ ಅದನ್ನು ಎಳೆಯಲು ಘರ್ಷಣೆಯ ಜೊತೆ ಗುದ್ದಾಡಬೇಕು. 70 ಕಿಲೋ ಭಾರ, ಘರ್ಷಣೆಯ ಗುಣಾಂಕ 0.2 ಎಂದು ಹಿಡಿದರೂ 14 ಕಿಲೋ ಎತ್ತುವಷ್ಟು ಬಲ ಬೇಕು. ಉಪ್ಪು ಕಟ್ಟಿದರೆ, ಮರಳು ಹೊಕ್ಕರೆ ಇನ್ನೂ ಹೆಚ್ಚು. ನೆಲದ ಮೇಲೆ ಬೆರಳಲ್ಲಿ ಸರಾಗವಾಗಿ ಬರುವ ಪಿನ್ನು, ಭಾರ ಹೆಚ್ಚಿದಷ್ಟೂ ಬಿಗಿಯುತ್ತದೆ. ಅಂದರೆ ಅಗತ್ಯ ಹೆಚ್ಚಿದಷ್ಟೂ ಕೈಕೊಡುತ್ತದೆ. ನಮ್ಮ ಬದುಕಿನ ಎಷ್ಟೋ ಬಿಡುಗಡೆಗಳು ಈ ಪಿನ್ನಿನ ಜಾತಿಯವೇ: ಬೇಡವಾದಾಗ ಸುಲಭ, ಬೇಕಾದಾಗ ಕಷ್ಟ.

ಇದಕ್ಕೆ ಉತ್ತರ ಪ್ಯಾರಾಚೂಟಿನವರ ಹತ್ತಿರ ಇತ್ತು. ಮುಖ್ಯ ಪ್ಯಾರಾಚೂಟು ಸಿಕ್ಕಾಗಿ ಬಿಚ್ಚಿಕೊಂಡರೆ ಅದನ್ನು ಕಳಚಿ ಎಸೆದು ಎರಡನೆಯದನ್ನು ತೆರೆಯಬೇಕು, ಅದೂ ಮೈಭಾರವೆಲ್ಲ ನೇತಾಡುತ್ತಿರುವಾಗ. 1970ರ ದಶಕದಲ್ಲಿ ಬಿಲ್ ಬೂತ್ ಎಂಬವರು ಇದಕ್ಕೆ ಮೂರು ಉಂಗುರಗಳ ಉಪಾಯ ಮಾಡಿದರು. ದೊಡ್ಡ ಉಂಗುರದೊಳಗಿಂದ ನಡುವಿನದನ್ನು ತೂರಿಸಿ ಮಡಚಬೇಕು, ಅದರೊಳಗಿಂದ ಸಣ್ಣದನ್ನು. ಸಣ್ಣದನ್ನು ಒಂದು ದಾರದ ಕುಣಿಕೆ ಹಿಡಿದಿರುತ್ತದೆ. ಒಂದೊಂದು ಉಂಗುರವೂ ಸನ್ನೆಗೋಲಿನಂತೆ ಭಾರವನ್ನು ಇಳಿಸುತ್ತ ಹೋಗಿ, ಕೊನೆಯ ಕುಣಿಕೆಗೆ ಬರುವುದು ಚೂರು ಭಾರ ಮಾತ್ರ. ಕುಣಿಕೆಯೊಳಗಿನ ತಂತಿ ಎಳೆದರೆ ಮೂರೂ ಸರಸರನೆ ಕಳಚುತ್ತವೆ. ನಾನು ಮಾಡಿದ್ದೂ ಅದರ ಸಣ್ಣ ರೂಪವನ್ನೇ. ಉಂಗುರ, ಸ್ಟೀಲ್ ತಗಡುಗಳನ್ನು ನಾಗದೇವಿ ಸ್ಟ್ರೀಟಿನಲ್ಲಿ ಆರಿಸಿ ತಂದೆವು. ಹೊಲಿಗೆಯನ್ನು ಟಾರ್ಪಾಲಿನ್ ಹೊಲಿಯುವವರು ದಪ್ಪ ನೈಲಾನ್ ದಾರದಲ್ಲಿ ಹಾಕಿಕೊಟ್ಟರು. ಎಳೆಯುವ ತಂತಿಯ ತುದಿಗೆ ಒಂದು ಕೆಂಪು ಚೆಂಡು.

ನಮ್ಮ ಕಟ್ಟಡದ ಪಾರ್ಕಿಂಗಿನ ತೊಲೆಗೆ ಚೈನು ಹಾಕಿ ಗೆಳೆಯನನ್ನು ನೇತುಹಾಕಿದೆವು. ಬಲಗೈಯಲ್ಲಿ ಹತ್ತು ಸಲ, ಎಡಗೈಯಲ್ಲಿ ಹತ್ತು ಸಲ, ಕಣ್ಣು ಕಟ್ಟಿ ಹತ್ತು ಸಲ. ಉಂಗುರಗಳಿಗೆ ಉಪ್ಪುನೀರು ಹೊಯ್ದು, ಮರಳು ಬಳಿದು ಮತ್ತೆ ಹತ್ತು ಸಲ. ವಾಚ್‌ಮನ್ ನಮ್ಮನ್ನು ನೋಡಿ ಸೆಕ್ರೆಟರಿಗೆ ಫೋನು ಮಾಡುವುದೊಂದು ಬಾಕಿ. ಪ್ರತಿ ಸಲವೂ ಬಿಚ್ಚಿತು.

ಆಮೇಲೆ ನೀರಿಗೆ ಇಳಿದಾಗ ಇನ್ನೊಂದು ಸಮಸ್ಯೆ ಕಾಣಿಸಿತು. ಗೆಳೆಯ ಒಳಗೆ ಹೊರಗೆ ಜರುಗುವಾಗ ಕೆಂಪು ಚೆಂಡು ದೋಣಿಯ ಅಂಚಿಗೆ ಸಿಕ್ಕಿ ತಾನಾಗಿ ಎಳೆಯಿತು. ಅವನು ಬೆನ್ನಡಿಯಾಗಿ ನೀರಿಗೆ ಬಿದ್ದ, ಭಾರ ತಪ್ಪಿದ ದೋಣಿ ಆ ಕಡೆ ಮಗುಚಿತು. ನಗುತ್ತಲೇ ಮೇಲೆ ಬಂದ. ದಡಕ್ಕೆ ಬಂದ ಮೇಲೆ, "ಚೆಂಡನ್ನು ಒಂದು ಮುಚ್ಚಳದ ಒಳಗೆ ಇಡೋಣ, ವೆಲ್ಕ್ರೋ ಹಾಕಿ" ಅಂದ. ಸಹಜವಾದ ಮಾತು. ಆದರೆ ಮುಚ್ಚಳ ಹಾಕಿದರೆ ಬಿಚ್ಚಲು ಎರಡು ಕೆಲಸ: ಮುಚ್ಚಳ ಹುಡುಕಿ ತೆಗೆಯಬೇಕು, ಆಮೇಲೆ ಎಳೆಯಬೇಕು. ಕತ್ತಲ ನೀರಿನಲ್ಲಿ ಉಸಿರು ಕಟ್ಟಿದವನಿಗೆ ಎರಡು ಕೆಲಸ ಎಂದರೆ ಬಹಳ.

ಬಿಚ್ಚುವುದನ್ನು ಸುಲಭ ಮಾಡಿದಷ್ಟೂ ಬೇಡದಾಗ ಬಿಚ್ಚಿಕೊಳ್ಳುವ ಅಪಾಯ ಹೆಚ್ಚುತ್ತದೆ. ಗಟ್ಟಿ ಮಾಡಿದಷ್ಟೂ ಬೇಕಾದಾಗ ಬಿಚ್ಚದಿರುವ ಅಪಾಯ. ಎರಡನ್ನೂ ಸೊನ್ನೆ ಮಾಡುವ ಯಂತ್ರ ಇಲ್ಲ. ಹಾಗಾಗಿ ಯಾವ ತಪ್ಪನ್ನು ಸಹಿಸಿಕೊಳ್ಳುತ್ತೇವೆ ಎಂದು ಮೊದಲೇ ತೀರ್ಮಾನಿಸಬೇಕಾಗುತ್ತದೆ. ಇಲ್ಲಿಗೆ ಬಂದಾಗ ಎಂಜಿನಿಯರಿಂಗ್ ಮುಗಿದು ನೀತಿಯ ಮಾತು ಶುರುವಾಗುತ್ತದೆ. ಗೆಳೆಯನ ವಿಷಯದಲ್ಲಿ ತೀರ್ಮಾನ ಕಷ್ಟವಾಗಲಿಲ್ಲ. ಬೇಡದಾಗ ಬಿಚ್ಚಿದರೆ ಒದ್ದೆಯಾಗುತ್ತಾನೆ, ಒಂದು ರೇಸು ಸೋಲುತ್ತಾನೆ. ಬೇಕಾದಾಗ ಬಿಚ್ಚದಿದ್ದರೆ ಅವನೇ ಇರುವುದಿಲ್ಲ. ಮುಚ್ಚಳ ಬೇಡ ಎಂದೆ. ಚೆಂಡನ್ನು ಮುಂಭಾಗದಿಂದ ಸೊಂಟದ ಪಕ್ಕಕ್ಕೆ, ಅಂಚು ತಗಲದ ಕಡೆಗೆ, ಸರಿಸಿದೆವು. ಅಪರೂಪಕ್ಕೆ ಈಗಲೂ ತಾನಾಗಿ ಬಿಚ್ಚುತ್ತದೆ. ಅವನು ಅದನ್ನು ತೆರಿಗೆ ಎನ್ನುತ್ತಾನೆ.

ಆದರೆ ಇದೇ ಲೆಕ್ಕವನ್ನು ಎಲ್ಲ ಕಡೆ ಹಚ್ಚಲಾಗದು. ಲೋವರ್ ಪರೇಲಿನಲ್ಲೋ ಬಾಂದ್ರಾ-ಕುರ್ಲಾದಲ್ಲೋ ನಿಮ್ಮ ಆಫೀಸಿದ್ದರೆ ಕಿಟಕಿಯ ಆಚೆ ಗಾಜು ಒರೆಸುವವರನ್ನು ನೀವು ನೋಡಿರುತ್ತೀರಿ. ನೀವು ಮೀಟಿಂಗಿನಲ್ಲಿ, ಅವರು ಹದಿನೆಂಟನೇ ಮಹಡಿಯ ಗಾಳಿಯಲ್ಲಿ, ನಡುವೆ ಒಂದು ಗಾಜು. ಅವರ ಮೈಮೇಲೆಯೂ ಹಾರ್ನೆಸ್ ಇದೆ. ದೋಣಿಯವನದಕ್ಕೂ ಅದಕ್ಕೂ ಪಟ್ಟಿ, ಹೊಲಿಗೆ, ಉಂಗುರಗಳಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಅಲ್ಲಿ ಒಂದೇ ಎಳೆತಕ್ಕೆ ಬಿಚ್ಚುವ ಕೊಕ್ಕೆ ಹಾಕಿಕೊಟ್ಟರೆ ಅದು ಕೊಲೆ. ಅವರ ಕೊಕ್ಕೆಗಳಿಗೆ ಬೀಗ ಇರುತ್ತದೆ, ಎರಡು ಬೇರೆ ಬೇರೆ ಚಲನೆ ಮಾಡಿದರೆ ಮಾತ್ರ ತೆರೆಯುತ್ತವೆ. ಸರಿಯಾಗಿ ಕೆಲಸ ನಡೆಯುವಲ್ಲಿ ಎರಡು ಹಗ್ಗ: ಒಂದನ್ನು ಬಿಚ್ಚುವಾಗ ಇನ್ನೊಂದು ಹಿಡಿದಿರಬೇಕು. ಕೆಳಗೆ ನೀರಿದ್ದರೆ ಒಂದು ನ್ಯಾಯ, ಕೆಳಗೆ ನೆಲವಿದ್ದರೆ ಇನ್ನೊಂದು.

ಹಾಗೆಂದು ಗಾಜಿನ ಗೋಡೆಯ ಮೇಲೆ ಬಿಡುಗಡೆಯ ಪ್ರಶ್ನೆಯೇ ಇಲ್ಲ ಎನ್ನುವಂತಿಲ್ಲ. ಬಿದ್ದವನನ್ನು ಹಗ್ಗ ಹಿಡಿದುಕೊಂಡಿತು ಎಂದುಕೊಳ್ಳಿ. ಬದುಕಿದ ಎಂದು ನಾವು ಉಸಿರು ಬಿಡುತ್ತೇವೆ. ಆದರೆ ಅಲುಗಾಡದೆ ಹಾರ್ನೆಸ್ಸಿನಲ್ಲಿ ನೇತಾಡುವವನ ಕಾಲಿನಲ್ಲಿ ರಕ್ತ ನಿಂತುಬಿಡುತ್ತದೆ, ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು, ಜೀವವೂ ಹೋಗಬಹುದು. ಅವನು ತಾನಾಗಿ ಬಿಚ್ಚಿಕೊಳ್ಳಲಾರ, ಬಿಚ್ಚಿಕೊಳ್ಳಲೂಬಾರದು. ಆದ್ದರಿಂದ ಅವನನ್ನು ಬೇಗ ಇಳಿಸುವ ಜನ, ಹಗ್ಗ, ಅಭ್ಯಾಸ ತಾರಸಿಯ ಮೇಲೆ ಸಿದ್ಧವಿರಬೇಕು. ಹಾರ್ನೆಸ್ ಕೊಟ್ಟೆವು, ನಮ್ಮ ಕೆಲಸ ಮುಗಿಯಿತು ಎನ್ನುವ ಗುತ್ತಿಗೆದಾರ ಅರ್ಧ ಕೆಲಸವನ್ನಷ್ಟೇ ಮಾಡಿದ್ದಾನೆ.

ಮೂರನೆಯ ಬಗೆಯನ್ನು ನೋಡಬೇಕಾದರೆ ಗೋಕುಲಾಷ್ಟಮಿಯ ಮರುದಿನ ದಾದರಿಗೋ ಠಾಣೆಗೋ ಹೋಗಬೇಕು. ಮೊಸರುಕುಡಿಕೆಗಾಗಿ ಎದ್ದ ಮನುಷ್ಯ ಗೋಪುರದ ತುದಿಯಲ್ಲಿ ಒಬ್ಬ ಎಳೆಯ. ಮೇಲಿನಿಂದ ಒಂದು ಹಗ್ಗ ಇಳಿದು ಅವನ ಬೆನ್ನಿಗೆ ಸಿಕ್ಕಿಸಿರುತ್ತದೆ, ಅದರ ಇನ್ನೊಂದು ತುದಿ ದೊಡ್ಡವರ ಕೈಯಲ್ಲಿ. 2014ರಲ್ಲಿ ಬಾಂಬೆ ಹೈಕೋರ್ಟು ಗೋಪುರ 20 ಅಡಿ ಮೀರಬಾರದು, 18 ತುಂಬದವರು ಹತ್ತಬಾರದು ಎಂದಿತ್ತು. 2017ರ ಹೊತ್ತಿಗೆ ಎತ್ತರದ ಮಿತಿ ಹೋಯಿತು, ವಯಸ್ಸಿನ ಮಿತಿ 14ಕ್ಕೆ ಇಳಿಯಿತು. ತುದಿಯಲ್ಲಿರುವ ಆ ಹುಡುಗನಿಗೆ ತನ್ನ ಕೊಕ್ಕೆ ಎಲ್ಲಿದೆ ಎಂದು ನೋಡಲೂ ಬಾರದು. ಹಿಡಿಯುವುದು, ಬಿಡುವುದು ಎರಡೂ ಇನ್ನೊಬ್ಬರ ಕೈಯಲ್ಲಿ. ಹಗ್ಗ ಹಿಡಿದವನು ಮೊಬೈಲಿನಲ್ಲಿ ವೀಡಿಯೊ ತೆಗೆಯುತ್ತ ನಿಂತರೆ ಆ ಹಗ್ಗ ಬರೀ ಅಲಂಕಾರ.

ದೋಣಿ, ಗಾಜಿನ ಗೋಡೆ, ಮೊಸರುಕುಡಿಕೆ: ಮೂರು ಕಡೆಯೂ ಕೇಳಬೇಕಾದ ಪ್ರಶ್ನೆ ಒಂದೇ. ಬಿಚ್ಚುವ ಕೈ ಯಾರದು? ಕಟ್ಟು ಎಷ್ಟು ಗಟ್ಟಿ ಎಂಬುದು ಎರಡನೆಯ ಪ್ರಶ್ನೆ. ನನಗೆ ತೋರುವ ಉತ್ತರ ಇದು: ಕಟ್ಟಿಸಿಕೊಂಡವನಿಗೆ ಆ ಕ್ಷಣದಲ್ಲಿ ತಿಳಿಯುವುದಾದರೆ ಬಿಚ್ಚುವ ಕೈ ಅವನದೇ ಆಗಬೇಕು, ಏಕೆಂದರೆ ತಪ್ಪಿನ ಬೆಲೆ ಕೊಡುವವನು ಅವನು. ಅವನಿಗೆ ಅದು ಸಾಧ್ಯವಿಲ್ಲದಿದ್ದರೆ, ಬಿಚ್ಚುವ ಕೈಯನ್ನು ಮೊದಲೇ ಹೆಸರು ಹಿಡಿದು ಗೊತ್ತುಮಾಡಬೇಕು. ಆ ಕೈಯವರು ಕಣ್ಣು ತೆಗೆಯದೆ ನಿಂತಿರಬೇಕು. ಯಾರ ಕೈಗೂ ಒಪ್ಪಿಸದ ಕಟ್ಟು ಎಷ್ಟೇ ಒಳ್ಳೆಯ ಉದ್ದೇಶದ್ದಾಗಿರಲಿ, ಅದು ಸೆರೆಯೇ.

ನಮ್ಮ ಹಳ್ಳಿಯವರಿಗೆ ಇದು ಗೊತ್ತಿತ್ತು. ಕೊಟ್ಟಿಗೆಯಲ್ಲಿ ದನ ಕಟ್ಟುವಾಗ ಕುತ್ತಿಗೆಗೆ ಜಾರುವ ಕುಣಿಕೆ ಹಾಕುವುದಿಲ್ಲ, ಅದು ಬಿಗಿದು ಕೊಲ್ಲುತ್ತದೆ. ಗೂಟಕ್ಕೆ ಹಾಕುವ ಗಂಟನ್ನು ಮಾತ್ರ ತುದಿ ಎಳೆದರೆ ಬಿಚ್ಚುವ ಹಾಗೆ ಹಾಕುತ್ತಾರೆ. ದನ ಎಷ್ಟು ಜಗ್ಗಿದರೂ ಬಿಚ್ಚದು, ಮನುಷ್ಯ ಒಂದು ಸಲ ಎಳೆದರೆ ಸಾಕು. ಬೇಸಿಗೆಯಲ್ಲಿ ಹುಲ್ಲಿನ ಮಾಡಿಗೆ ಬೆಂಕಿ ಬಿದ್ದರೆ ಗಂಟು ಹುಡುಕಿ ಬಿಚ್ಚುತ್ತ ಕೂರಲು ಹೊತ್ತಿರುವುದಿಲ್ಲ. ಕಟ್ಟುವ ಹೊತ್ತಿನಲ್ಲೇ ಬೆಂಕಿಯನ್ನು ನೆನೆಯುವುದು: ಕಟ್ಟುವವನ ಧರ್ಮ ಎಂದರೆ ಅಷ್ಟೇ ಇರಬಹುದು.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ನಾವೇ ಬಿಚ್ಚಿಕೊಳ್ಳಲಾರದ ಕಟ್ಟನ್ನು ಕೆಲವೊಮ್ಮೆ ನಾವೇ ಬಯಸುತ್ತೇವಲ್ಲ? ಗ್ರೀಕರ ಕಥೆಯಲ್ಲಿ ಒಡಿಸಿಯಸ್ ಸೈರನ್‌ಗಳ ಹಾಡು ಕೇಳಬೇಕು, ಆದರೆ ಅವುಗಳ ಪಾಲಾಗಬಾರದು ಎಂದು ತನ್ನನ್ನು ಹಾಯಿಕಂಬಕ್ಕೆ ಕಟ್ಟಿಸಿಕೊಳ್ಳುತ್ತಾನೆ. ಬಿಡಿಸಿ ಎಂದು ಬೇಡಿದರೆ ಇನ್ನೂ ಬಿಗಿಯಿರಿ ಎಂದು ಜೊತೆಯವರಿಗೆ ಹೇಳುತ್ತಾನೆ. ಸಂಬಳ ಬಂದ ದಿನವೇ ಪಿಪಿಎಫ್‌ಗೆ ದುಡ್ಡು ಹಾಕುವ ನಾವೂ ಸಣ್ಣ ಒಡಿಸಿಯಸ್‌ಗಳೇ. ನಾಳೆಯ ನಮ್ಮ ಮೇಲೆ ನಮಗೆ ನಂಬಿಕೆ ಇಲ್ಲ.

ಆದರೆ ಆ ಕಥೆಯನ್ನು ಸರಿಯಾಗಿ ನೋಡಿ. ಕಟ್ಟು ಅವನೇ ಕೇಳಿದ್ದು. ಬಿಚ್ಚುವ ಕೈಗಳು ಯಾರವೆಂದು ಅವನಿಗೆ ಗೊತ್ತು, ಅವು ಅದೇ ಹಡಗಿನಲ್ಲಿವೆ. ಎಲ್ಲಿಯವರೆಗೆ ಎಂಬುದೂ ಗೊತ್ತು: ಹಾಡು ಕೇಳಿಸದಷ್ಟು ದೂರ ಹೋಗುವವರೆಗೆ. ಆ ಹೊತ್ತಿಗೆ ಹಡಗು ಮುಳುಗತೊಡಗಿದ್ದರೆ ಅವನ ಮಾತನ್ನು ಮೀರಿ ಹಗ್ಗ ಕತ್ತರಿಸುವುದೇ ಅವರ ಧರ್ಮವಾಗುತ್ತಿತ್ತು. ಪಿಪಿಎಫ್ ಕೂಡ 15 ವರ್ಷದ ಕಟ್ಟಾದರೂ, ಗಂಭೀರ ಕಾಯಿಲೆಗೋ ಉನ್ನತ ಓದಿಗೋ ಬೇಕಾದರೆ 5 ವರ್ಷದ ನಂತರ ಮುಚ್ಚಲು ದಾರಿ ಇಟ್ಟಿದೆ. ಒಳ್ಳೆಯ ಬಿಗಿಕಟ್ಟುಗಳಲ್ಲೂ ಎಲ್ಲೋ ಒಂದು ಕೆಂಪು ಚೆಂಡು ಇದ್ದೇ ಇರುತ್ತದೆ.

ಇನ್ನೊಂದು ಮಾತು. ಬಿಚ್ಚಬಹುದು ಎಂಬ ಭರವಸೆ ಇದ್ದಾಗಲೇ ಜನ ಕಟ್ಟಿಕೊಳ್ಳಲು ಒಪ್ಪುತ್ತಾರೆ. 2022ರ ನವೆಂಬರ್ 1ರಿಂದ ಮುಂಬಯಿ ಪೊಲೀಸರು ಕಾರಿನಲ್ಲಿ ಎಲ್ಲರೂ ಸೀಟ್‌ಬೆಲ್ಟ್ ಹಾಕಬೇಕು ಎಂದಾಗ ಎಷ್ಟು ಜನರಿಂದ ಒಂದೇ ಮಾತು ಕೇಳಿದೆ: "ಬೆಂಕಿ ಹತ್ತಿದರೆ? ನೀರಿಗೆ ಬಿದ್ದರೆ? ಒಳಗೇ ಸಿಕ್ಕಿ ಸಾಯೋದಾ?" ಲೆಕ್ಕದ ಪ್ರಕಾರ ಆ ಭಯ ತಪ್ಪು, ಬೆಲ್ಟ್ ಇಲ್ಲದೆ ಸಾಯುವವರೇ ಹೆಚ್ಚು. ಆದರೆ ಆ ಭಯವನ್ನು ಬೈದು ಓಡಿಸಲಾಗದು. ಕೆಂಪು ಗುಂಡಿಯನ್ನು ಒಂದೇ ಬೆರಳಲ್ಲಿ ಒತ್ತಿದರೆ ಭಾರವಿದ್ದಾಗಲೂ ಬಿಚ್ಚುವಂತೆ ಅದನ್ನು ಮಾಡಿರುವುದೇ ಅದಕ್ಕೆ ಉತ್ತರ. ಸುಲಭವಾಗಿ ಬಿಚ್ಚುವ ಕಟ್ಟು ದುರ್ಬಲ ಕಟ್ಟು ಎಂದು ತಿಳಿಯುವವರು ಇದನ್ನು ಮರೆಯುತ್ತಾರೆ.

ಇಷ್ಟೆಲ್ಲ ನಿಶ್ಚಯವಾಗಿದ್ದಾಗ ಗೆಳೆಯ ಎರಡನೆಯ ಬೇಡಿಕೆಯೊಂದಿಗೆ ಬಂದ. ಅವನು ವಾರಾಂತ್ಯಕ್ಕೆ ಕೆಲವು ಮಕ್ಕಳಿಗೆ ದೋಣಿ ಕಲಿಸುತ್ತಾನೆ. ಅವರ ಹತ್ತಿರ ಹಳೆಯ ಕೊಕ್ಕೆಯ ಹಾರ್ನೆಸ್‌ಗಳೇ ಇದ್ದವು. "ಇನ್ನೂ ನಾಲ್ಕು ಮಾಡಿಕೊಡು" ಅಂದ.

ಅವನದನ್ನು ಮಾಡುವಾಗ ಬಾರದ ಹಿಂಜರಿಕೆ ಈಗ ಬಂತು. ಅವನು ತನ್ನ ಮೈಗೆ ತಾನೇ ಒಪ್ಪಿ ತೊಡುತ್ತಾನೆ, ಎಲ್ಲ ಪರೀಕ್ಷೆಯಲ್ಲೂ ತಾನೇ ನೇತಾಡಿದ್ದಾನೆ, ಉಂಗುರ ಸವೆದರೆ ಕಣ್ಣಿಗೆ ಬೀಳುತ್ತದೆ. ಆ ಮಕ್ಕಳಿಗೆ ಅದು ಯಾರೋ ಕೊಟ್ಟ ಪಟ್ಟಿ. ದೊಡ್ಡವರು ಕೊಟ್ಟಿದ್ದಾರೆ, ಸರಿಯಿರುತ್ತದೆ ಎಂಬ ನಂಬಿಕೆಯೇ ಅವರ ಪರೀಕ್ಷೆ. ಇಂಥ ಹಾರ್ನೆಸ್‌ಗೆಂದೇ ಐಎಸ್‌ಒ 10862 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ನನ್ನ ಪಾರ್ಕಿಂಗಿನ ನಲವತ್ತು ಎಳೆತಗಳು ಒಬ್ಬ ದೊಡ್ಡವನ ಮೈಭಾರದಲ್ಲಿ, ಒಬ್ಬ ದೊಡ್ಡವನ ಕೈಬಲದಲ್ಲಿ ನಡೆದವು. ಹನ್ನೆರಡು ವರ್ಷದ ಕೈಗೆ ಅವು ಏನನ್ನೂ ಹೇಳುವುದಿಲ್ಲ. ಆಗುವುದಿಲ್ಲ ಎಂದೆ.

"ಹಾಗಾದರೆ ಹಳೆಯ ಕೊಕ್ಕೆಯಲ್ಲೇ ಹೋಗಲಿ ಅಂತೀಯಾ?" ಅಂದ. ಆ ಮಾತಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಇಲ್ಲ ಎಂದು ಕೈ ತೊಳೆದುಕೊಂಡರೆ ನನ್ನ ಕೈ ಶುದ್ಧ, ಮಕ್ಕಳ ಅಪಾಯ ಇದ್ದಲ್ಲೇ. ನಾನು ಮಾಡಿಕೊಟ್ಟದ್ದು ನೂರಕ್ಕೆ ನೂರು ಸರಿಯಿಲ್ಲದಿದ್ದರೂ ಗಟ್ಟಿ ಹೊಲಿದ ಕೊಕ್ಕೆಗಿಂತ ಮೇಲು ಎಂಬುದು ನನಗೂ ಗೊತ್ತು. ಪರಿಣತರು ಬಹಳ ಸಲ ಹೀಗೆ ಮಾಡುತ್ತೇವೆ: ನಮ್ಮ ಹೆಸರು ಅಂಟದ ಅಪಾಯ ಅಪಾಯವೇ ಅಲ್ಲ ಎಂಬಂತೆ ನಡೆದುಕೊಳ್ಳುತ್ತೇವೆ. ಮಾಡಿ ಕೆಡಿಸುವುದು ಮಾತ್ರ ತಪ್ಪು, ಮಾಡದೆ ಕೆಡಲು ಬಿಡುವುದು ತಪ್ಪಲ್ಲ ಎಂಬ ಈ ಲೆಕ್ಕವನ್ನು ನಾನು ನಂಬುವುದಿಲ್ಲ.

ಆದರೆ ಎರಡೇ ದಾರಿ ಇವೆ ಎಂಬ ಮಾತನ್ನೂ ನಂಬಬೇಕಾಗಿಲ್ಲ. ಮೂರನೆಯದು, ಸದ್ಯಕ್ಕೆ ಕಟ್ಟದಿರುವುದು. ಅಂಚಿನ ಮೇಲೆ ಕೂತು ಬೆನ್ನು ಬಾಗಿಸಿ ದೋಣಿ ನಡೆಸಬಹುದು. ಗಾಳಿ ಹೆಚ್ಚಿದ ದಿನ ನೀರಿಗೆ ಇಳಿಯದಿರಬಹುದು. ಸರಿಯಾದ ಹಾರ್ನೆಸ್ ಕೊಳ್ಳುವಷ್ಟು ದುಡ್ಡು ಕೂಡುವವರೆಗೆ ಟ್ರಪೀಜ್ ಬೇಡ, ದುಡ್ಡು ಕೂಡಿಸುವುದರಲ್ಲಿ ನಾನೂ ಒಬ್ಬ ಎಂದೆ. ಅವನು ಒಪ್ಪಿದ, ಸಂತೋಷದಿಂದಲ್ಲ. "ನಿನ್ನ ಮಾತು ಕೇಳಿದರೆ ಈ ಮಕ್ಕಳಿಗೆ ಒಂದು ಸೀಸನ್ ಹೋಗುತ್ತದೆ. ಆ ವಯಸ್ಸಿನಲ್ಲಿ ಒಂದು ಸೀಸನ್ ಅಂದರೆ ಎಷ್ಟು ಗೊತ್ತಾ?" ಅಂದ. ಅವನ ಮಾತು ನಿಜ. ನನ್ನ ಎಚ್ಚರಿಕೆಯ ಬೆಲೆಯನ್ನು ಮಕ್ಕಳು ಕೊಟ್ಟರು, ನಾನಲ್ಲ. ಅದನ್ನು ಮರೆತರೆ ಎಚ್ಚರಿಕೆಯೂ ಒಂದು ಬಗೆಯ ಅಹಂಕಾರವಾಗುತ್ತದೆ. ಹಾಗಿದ್ದೂ ಇನ್ನೊಮ್ಮೆ ಕೇಳಿದರೆ ನನ್ನ ಉತ್ತರ ಅದೇ. ನನ್ನ ಮೈಮೇಲೆ ನಾನು ಪ್ರಯೋಗ ಮಾಡಿಕೊಳ್ಳಬಹುದು, ತಿಳಿದು ಒಪ್ಪಿದ ಗೆಳೆಯನ ಮೈಮೇಲೆ ಅವನ ಜೊತೆ ನಿಂತು ಮಾಡಬಹುದು. ನಂಬುವುದನ್ನು ಬಿಟ್ಟು ಬೇರೆ ದಾರಿಯಿಲ್ಲದವರ ಮೈಮೇಲೆ ಮಾಡಲಾಗದು.

ಊರು ಬಿಟ್ಟು ಬಂದ ನಾವು ದಿನಾ ಏನನ್ನಾದರೂ ಕಟ್ಟಿಕೊಳ್ಳುತ್ತಲೇ ಇರುತ್ತೇವೆ. ಎರಡು ವರ್ಷ ಬಿಟ್ಟು ಹೋಗುವುದಿಲ್ಲ ಎಂದು ಆಫರ್ ಲೆಟರಿನ ಜೊತೆ ಬರೆದುಕೊಡುವ ಬಾಂಡು, ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್, ಇಪ್ಪತ್ತು ವರ್ಷದ ಗೃಹಸಾಲ. ಇವೆಲ್ಲ ಕೆಟ್ಟವೆಂದು ನಾನು ಹೇಳುತ್ತಿಲ್ಲ. ತಂತಿಗೆ ಕೊಕ್ಕೆ ಹಾಕದೆ ಯಾರೂ ನೀರಿನ ಮೇಲೆ ಹಾಗೆ ಚಾಚಿಕೊಳ್ಳಲಾರರು. ಸಹಿ ಮಾಡುವ ದಿನ ಎಲ್ಲರೂ ಕಟ್ಟು ಎಷ್ಟು ಗಟ್ಟಿ ಎಂದು ನೋಡುತ್ತಾರೆ. ಅಪ್ಪನಿಗೆ ಹುಷಾರಿಲ್ಲ ಎಂದು ಊರಿಂದ ಫೋನು ಬಂದ ರಾತ್ರಿ, ಮಾರ್ಕ್ಸ್‌ಕಾರ್ಡಿನ ಮೂಲಪ್ರತಿ ಕಂಪನಿಯ ಕಪಾಟಿನಲ್ಲಿರುವಾಗ, ಅದು ಹೇಗೆ ಬಿಚ್ಚುತ್ತದೆ ಎಂದು ನೋಡುವವರು ಕಡಿಮೆ. ನೆಲದ ಮೇಲೆ ಒಣಗೈಯಲ್ಲಿ ಪಿನ್ನು ಎಳೆದು ನೋಡಿ ಸರಿಯಿದೆ ಎನ್ನುವುದು ಪರೀಕ್ಷೆಯಲ್ಲ. ಭಾರ ಹಾಕಿ, ಒದ್ದೆ ಮಾಡಿ, ಕಣ್ಣು ಮುಚ್ಚಿ, ಎಡಗೈಯಲ್ಲಿ ಎಳೆದು ನೋಡಬೇಕು. ನಾವು ಕಟ್ಟಿಸಿಕೊಂಡವುಗಳನ್ನು ಹಾಗೆ ನೋಡಿದರೆ ಜಾಣತನ. ನಮ್ಮ ಕೈಕೆಳಗೆ ಕೆಲಸ ಮಾಡುವವರಿಗೆ, ನಮ್ಮ ಮಕ್ಕಳಿಗೆ, ಮನೆಗೆಲಸಕ್ಕೆ ಬರುವವರಿಗೆ ನಾವು ಕಟ್ಟಿದವುಗಳನ್ನೂ ಹಾಗೆಯೇ ಎಳೆದು ನೋಡಿದರೆ, ಅದನ್ನು ನ್ಯಾಯ ಎನ್ನಬಹುದು.